ಮನೆಕೂಟದಲ್ಲಿ ಸಾಕ್ಷಿ ಹೇಳುವುದು: ನೋಟ್‌ಬುಕ್ಕಿನಿಂದ ಕಾಫಿಯವರೆಗೆ

ಮನೆಕೂಟ ಎಂದರೆ ಚರ್ಚಿನ ಸಭೆಯವರು ಒಬ್ಬರ ಮನೆಯಲ್ಲಿ ಸೇರಿ ಮಾಡುವ ಪ್ರಾರ್ಥನೆ. ಸಾಕ್ಷಿ ಎಂದರೆ ದೇವರು ತನ್ನ ಬದುಕಿನಲ್ಲಿ ಏನು ಮಾಡಿದನೆಂದು ಅಲ್ಲಿ ಎಲ್ಲರ ಮುಂದೆ ಹೇಳುವುದು. ಮನೆಕೂಟ ಮುಗಿದ ಮಾರನೆಯ ದಿನ ಬರುವ ಫೋನುಗಳು ಹೆಚ್ಚುಕಡಿಮೆ ಒಂದೇ ತರಹ ಇರುತ್ತವೆ. ‘ಹತ್ತು ನಿಮಿಷ ಅಂದ್ಕೊಂಡಿದ್ದೆ, ಮುಕ್ಕಾಲು ಗಂಟೆ ಆಗೋಯ್ತು.’ ‘ಅಳು ಬಂದು ಮಾತೇ ನಿಂತ್ಹೋಯ್ತು.’ ‘ಪಕ್ಕದ ಮನೆಯವರು ಮಧ್ಯದಲ್ಲೇ ಎದ್ದು ಹೋದ್ರು, ನಾನೇನು ತಪ್ಪು ಹೇಳ್ದೆ?’ ನಮ್ಮ ಸಭೆಯಲ್ಲಿ ಯಾವ ವಾರ ಯಾರ ಮನೆಯಲ್ಲಿ ಕೂಟ ಎಂಬ ಪಟ್ಟಿ ನೋಡಿಕೊಳ್ಳುವ ಕೆಲಸ ನನ್ನದು. ಹಾಗಾಗಿ ಇವೆಲ್ಲ ನನ್ನ ಕಿವಿಗೇ ಬೀಳುತ್ತವೆ.

ದೇವಾಲಯದಲ್ಲಿ, ಅಂದರೆ ಚರ್ಚಿನಲ್ಲಿ, ಮೈಕಿನ ಮುಂದೆ ನಿಂತು ಸಾಕ್ಷಿ ಹೇಳುವುದೇ ಬೇರೆ, ಮನೆಯ ಹಾಲಿನಲ್ಲಿ ಚಾಪೆಯ ಮೇಲೆ ಕೂತು ಹೇಳುವುದೇ ಬೇರೆ. ಮನೆಯಲ್ಲಿ ಕೇಳುವವರಲ್ಲಿ ಅರ್ಧ ಜನ ಆ ಕಥೆಯೊಳಗೇ ಇದ್ದವರು. ನೀವು ಕುಡಿದು ಬಂದ ರಾತ್ರಿ ಬಾಗಿಲು ತೆಗೆದವರು, ನಿಮ್ಮ ಆಸ್ಪತ್ರೆಯ ಬಿಲ್ಲಿಗೆ ಬಳೆ ಅಡವಿಟ್ಟವರು ಎದುರಿಗೇ ಕೂತಿರುತ್ತಾರೆ. ಒಂದು ಮಾತು ಹೆಚ್ಚಾದರೂ ಅವರಿಗೆ ಗೊತ್ತಾಗುತ್ತದೆ. ಕೆಳಗಿನ ಹಂತಗಳನ್ನು ಇದನ್ನು ಮನಸ್ಸಿನಲ್ಲಿಟ್ಟುಕೊಂಡೇ ಜೋಡಿಸಿದ್ದೇನೆ. ಮುಖ್ಯವಾಗಿ ಎರಡನೆಯದನ್ನು ಬಿಟ್ಟು ಮೂರನೆಯದಕ್ಕೆ ಹಾರಬೇಡಿ.

ಬೇಕಾಗುವವು

ಒಂದು ನೋಟ್‌ಬುಕ್, ಪೆನ್ನು, ಸತ್ಯವೇದ (ಬೈಬಲ್), ಟೈಮರ್ ಇರುವ ಫೋನು. ‘ಇದು ಚೆನ್ನಾಗಿಲ್ಲ’ ಎಂದು ಮುಖಕ್ಕೇ ಹೇಳಬಲ್ಲ ಒಬ್ಬ ಸ್ನೇಹಿತ ಅಥವಾ ಸ್ನೇಹಿತೆ. ಇದೆಲ್ಲಕ್ಕಿಂತ ಮುಖ್ಯವಾಗಿ, ಎರಡು ವಾರದ ಸಮಯ. ‘ನಾಳೆ ನಿಮ್ಮದೇ ಸಾಕ್ಷಿ’ ಎಂದು ಹಿಂದಿನ ದಿನ ರಾತ್ರಿ ಯಾರಾದರೂ ಹೇಳಿದರೆ, ‘ಮುಂದಿನ ಸಲ ಹೇಳ್ತೀನಿ, ಈ ಸಲ ಒಂದು ಹಾಡು ಹೇಳ್ತೀನಿ’ ಎಂದುಬಿಡಿ.

ಹಂತ 1: ಒಂದೇ ಘಟನೆ ಆರಿಸಿ

‘ನಾನು ಹುಟ್ಟಿದ್ದು...’ ಎಂದು ಶುರುವಾದ ಸಾಕ್ಷಿ ಊಟದ ಹೊತ್ತಿಗೂ ಮುಗಿಯುವುದಿಲ್ಲ. ಇಡೀ ಜೀವನ ಬೇಡ, ಒಂದು ಘಟನೆ ಸಾಕು. ಆರಿಸುವಾಗ ಮೂರು ಪ್ರಶ್ನೆ ಕೇಳಿಕೊಳ್ಳಿ. ಇದು ಯಾರೋ ಹೇಳಿದ್ದಲ್ಲದೆ ನಾನೇ ಕಂಡು ಅನುಭವಿಸಿದ್ದೇ? ಎಲ್ಲಿ, ಯಾವಾಗ ಆಯಿತೆಂದು ಹೇಳಬಲ್ಲೆನೇ? ಅದರ ಗುರುತು ಇವತ್ತಿಗೂ ನಮ್ಮ ಮನೆಯಲ್ಲಿ ಕಾಣುತ್ತದೆಯೇ? ಮೂರಕ್ಕೂ ಹೌದು ಬಂದರೆ ಅದನ್ನೇ ಇಟ್ಟುಕೊಳ್ಳಿ.

‘ನಾವು ಮೂರು ತಲೆಮಾರಿನಿಂದ ಕ್ರೈಸ್ತರು, ನನ್ನ ಹತ್ತಿರ ದೊಡ್ಡ ಸಾಕ್ಷಿ ಏನೂ ಇಲ್ಲ’ ಎನ್ನುವವರೇ ನನಗೆ ಹೆಚ್ಚು ಸಿಗುತ್ತಾರೆ. ದೊಡ್ಡದು ಬೇಕಿಲ್ಲ. ನನ್ನದನ್ನೇ ಹೇಳುತ್ತೇನೆ. ಅಪ್ಪನ ಮನೆಯ ಪಾಲಿನ ವಿಷಯಕ್ಕೆ ಅಣ್ಣನೂ ನಾನೂ ನಾಲ್ಕು ವರ್ಷ ಮಾತು ಬಿಟ್ಟಿದ್ದೆವು. ಒಂದು ಭಾನುವಾರ ಆರಾಧನೆಯಲ್ಲಿ ಕರ್ತನ ಪ್ರಾರ್ಥನೆ ಹೇಳುತ್ತಿದ್ದಾಗ, ತಪ್ಪು ಮಾಡಿದವರನ್ನು ಕ್ಷಮಿಸುವ ಸಾಲಿಗೆ ಬಂದೊಡನೆ ಬಾಯಿ ಕಟ್ಟಿತು. ಎರಡು ಬೆಂಚು ಮುಂದೆ ಅಣ್ಣ ನಿಂತಿದ್ದ. ಅವನ ಅಂಗಿಯ ಕಾಲರು ಸವೆದು ದಾರ ಬಿಟ್ಟಿತ್ತು. ಅಷ್ಟೆ. ಬೆಳಕು ಇಳಿಯಲಿಲ್ಲ, ಧ್ವನಿ ಕೇಳಲಿಲ್ಲ. ಆ ಸಂಜೆ ಹೋಗಿ ಅವನ ಮನೆಯ ಬೆಲ್ ಒತ್ತಿದೆ.

ಎಚ್ಚರಿಕೆಯ ಗುರುತು: ಕಥೆ ಹೇಳಿದಷ್ಟು ಸಲವೂ ದೊಡ್ಡದಾಗುತ್ತಿದ್ದರೆ ನಿಲ್ಲಿಸಿ. ಮೊದಲ ಸಲ 102 ಇದ್ದ ಜ್ವರ ಮೂರನೆಯ ಸಲ 104 ಆಗಿರುತ್ತದೆ, ‘ಡಾಕ್ಟರು ನಾಳೆ ಬನ್ನಿ ಅಂದರು’ ಎಂಬುದು ‘ಡಾಕ್ಟರು ಕೈಬಿಟ್ಟರು’ ಆಗಿರುತ್ತದೆ. ಆಗ ಜೊತೆಯಲ್ಲಿದ್ದವರನ್ನು ಕೇಳಿ, ಅವರು ಹೇಳಿದ ಲೆಕ್ಕವನ್ನೇ ಬರೆದಿಟ್ಟುಕೊಳ್ಳಿ.

ಹಂತ 2: ಕಥೆಯಲ್ಲಿ ಬರುವವರ ಒಪ್ಪಿಗೆ ಪಡೆಯಿರಿ

ಎಲ್ಲರೂ ಬಿಟ್ಟುಬಿಡುವ ಹಂತ ಇದು. ನಾನೂ ಬಿಟ್ಟಿದ್ದೆ.

ಮೊದಲ ಸಲ ಈ ಸಾಕ್ಷಿ ಹೇಳಿದ್ದು ಅಣ್ಣನ ಮನೆಯ ಕೂಟದಲ್ಲೇ. ಕಥೆಗೆ ತೂಕ ಬರಲಿ ಎಂದು ಅಣ್ಣನ ಕೈಸಾಲದ ವಿಷಯವನ್ನೂ ಸೇರಿಸಿದೆ. ಅತ್ತಿಗೆ ಏನೂ ಅನ್ನದೆ ಎದ್ದು ಅಡುಗೆಮನೆಗೆ ಹೋದರು. ಆಮೇಲೆ ನಾನೇನು ಹೇಳಿದೆನೋ ಯಾರ ತಲೆಗೂ ಹೋಗಲಿಲ್ಲ. ಒಳಗೆ ಸ್ಟೀಲ್ ಲೋಟಗಳನ್ನು ಒಂದೊಂದಾಗಿ ತಟ್ಟೆಗೆ ಇಡುವ ಸದ್ದು ಮಾತ್ರ ಕೇಳುತ್ತಿತ್ತು. ನಾನು ಹೇಳಿದ್ದರಲ್ಲಿ ಸುಳ್ಳಿರಲಿಲ್ಲ. ಆದರೆ ಅದು ನಾನು ಹೇಳಬೇಕಾದ ವಿಷಯವಾಗಿರಲಿಲ್ಲ.

ಮಾಡಬೇಕಾದ್ದು ಇಷ್ಟು. ಕಥೆಯಲ್ಲಿ ಬರುವ ಪ್ರತಿಯೊಬ್ಬರ ಹೆಸರನ್ನೂ ನೋಟ್‌ಬುಕ್ಕಿನಲ್ಲಿ ಬರೆಯಿರಿ. ಒಬ್ಬೊಬ್ಬರನ್ನೂ ಬೇರೆ ಬೇರೆಯಾಗಿ, ಎದುರಿಗೆ ಕೂತು ಕೇಳಿ. ‘ನಾಳಿದ್ದು ಸಾಕ್ಷಿ ಹೇಳ್ತೀನಿ, ಪರವಾಗಿಲ್ವಾ?’ ಎಂದು ಕೇಳಿದರೆ ನಮ್ಮ ಮನೆಗಳಲ್ಲಿ ಯಾರೂ ಬೇಡ ಅನ್ನುವುದಿಲ್ಲ. ದೇವರ ವಿಷಯಕ್ಕೆ ಅಡ್ಡ ಬಂದಂತಾಗುತ್ತದೆಂಬ ಅಂಜಿಕೆ. ಅದಕ್ಕೇ ಅವರ ಬಗ್ಗೆ ಹೇಳಲಿರುವ ವಾಕ್ಯವನ್ನೇ ಇದ್ದ ಹಾಗೆ ಹೇಳಿ, ‘ಇದನ್ನು ಹೇಳಲೇ, ಬಿಡಲೇ?’ ಎಂದು ಕೇಳಿ. ಉತ್ತರ ಬರದೆ ಅವರು ಸೆರಗು ಸರಿಮಾಡಿಕೊಂಡರೆ, ಕಿಟಕಿ ಕಡೆ ನೋಡಿದರೆ, ಅದು ‘ಬೇಡ’ ಎಂದೇ. ಹೊಡೆದುಹಾಕಿ.

ತೀರಿಕೊಂಡವರ ವಿಷಯಕ್ಕೂ ಒಪ್ಪಿಗೆ ಬೇಕು. ಅಪ್ಪನ ಕುಡಿತದ ಬಗ್ಗೆ ಹೇಳುವ ಮೊದಲು ಅಮ್ಮನನ್ನು, ಅತ್ತೆಯನ್ನು ಕೇಳಿ.

ಕೆಲವನ್ನು ಒಪ್ಪಿಗೆ ಇದ್ದರೂ ಹೇಳಬೇಡಿ: ಮಕ್ಕಳ ಪ್ರೇಮ ಪ್ರಕರಣ, ಮನೆಯ ಹೆಣ್ಣುಮಕ್ಕಳ ಗರ್ಭ-ಹೆರಿಗೆಯ ವಿಷಯ, ಮತ್ತೊಬ್ಬರ ಕಾಯಿಲೆಯ ಹೆಸರು, ಸಾಲದ ಮೊತ್ತ. ಕೂಟದಲ್ಲಿ ಹೇಳಿದ್ದು ಕೂಟದಲ್ಲೇ ಉಳಿಯುವುದಿಲ್ಲ, ಭಾನುವಾರದ ಹೊತ್ತಿಗೆ ದೇವಾಲಯದ ಅಂಗಳದಲ್ಲಿರುತ್ತದೆ. ಇನ್ನೊಂದು ಮಾತು. ಮನೆಯಲ್ಲಿ ಯಾರೋ ಕೈ ಮಾಡುತ್ತಿದ್ದಾರೆ, ಅದು ಇನ್ನೂ ನಡೆಯುತ್ತಲೇ ಇದೆ ಎಂದರೆ, ಅದು ಸಾಕ್ಷಿಯ ವಿಷಯವಲ್ಲ, ಸಹಾಯ ಕೇಳಬೇಕಾದ ವಿಷಯ. ನಂಬಿಕಸ್ಥ ಹಿರಿಯರಿಗೆ ಹೇಳಿ, ಬೇಕಾದರೆ ಪೊಲೀಸರಿಗೆ.

ಹಂತ 3: ಒಂದೂವರೆ ಪುಟ ಬರೆಯಿರಿ

‘ಪವಿತ್ರಾತ್ಮನು ನಡೆಸುತ್ತಾನೆ, ಬರೆದುಕೊಂಡರೆ ಚೆನ್ನಾಗಿರಲ್ಲ’ ಎನ್ನುವವರಿದ್ದಾರೆ. ಬರೆಯುವಾಗಲೂ ನಡೆಸುತ್ತಾನೆ ಎನ್ನುವುದು ನನ್ನ ಉತ್ತರ.

ಅಳತೆ ಬೇಕಿದ್ದರೆ ಸತ್ಯವೇದದಲ್ಲಿ ಅಪೊಸ್ತಲರ ಕೃತ್ಯಗಳು 26ನೆಯ ಅಧ್ಯಾಯ ತೆಗೆಯಿರಿ. ಮೊದಲು ಕ್ರೈಸ್ತರನ್ನು ಹಿಂಸಿಸಿ ಆಮೇಲೆ ಯೇಸುವಿನ ಸೇವಕನಾದ ಪೌಲನು ಅಗ್ರಿಪ್ಪರಾಜನ ಮುಂದೆ ಆಡಿದ ಮಾತು ಮೂರು ಭಾಗವಾಗಿ ಬಿಡಿಸಿಕೊಳ್ಳುತ್ತದೆ: ವಚನ 4ರಿಂದ 11ರವರೆಗೆ ತಾನು ಮೊದಲು ಹೇಗಿದ್ದೆ, 12ರಿಂದ 18ರವರೆಗೆ ದಾರಿಯಲ್ಲಿ ಏನಾಯಿತು, 19ರಿಂದ 23ರವರೆಗೆ ಆಮೇಲೆ ಏನು ಮಾಡಿದೆ. ನಿಮ್ಮದನ್ನೂ ಹೀಗೇ ಬರೆಯಿರಿ. ಎಂಟು ನಿಮಿಷದ ಸಾಕ್ಷಿಗೆ ಮೊದಲಿನದು ಎರಡು ನಿಮಿಷ, ಘಟನೆ ಮೂರು, ಆಮೇಲಿನದು ಮೂರು.

ಎಡವುವುದು ಬಹುತೇಕ ಈ ಅಳತೆಯಲ್ಲೇ. ಹಳೆಯ ಪಾಪದ ಕಥೆ ಹೇಳುವುದಕ್ಕೆ ರುಚಿ ಜಾಸ್ತಿ. ಇಸ್ಪೀಟು, ಬಾರು, ಹೊಡೆದಾಟ ಎಲ್ಲ ಇಪ್ಪತ್ತು ನಿಮಿಷ ಬಣ್ಣ ಬಣ್ಣವಾಗಿ ಬಂದು, ಕೊನೆಗೆ ‘ಆಮೇಲೆ ಕರ್ತನು ನನ್ನನ್ನು ಬದಲಾಯಿಸಿದನು’ ಎಂಬ ಒಂದೇ ಸಾಲಿಗೆ ಮುಗಿದುಹೋಗುತ್ತದೆ. ಮಕ್ಕಳು ಮನೆಗೆ ಹೋಗುವಾಗ ಮಾತಾಡಿಕೊಳ್ಳುವುದು ಇಸ್ಪೀಟಿನ ಬಗ್ಗೆಯೇ.

ಇನ್ನೊಂದು ತಪ್ಪು, ಕಂಡದ್ದನ್ನು ಬಿಟ್ಟು ಕೇಳಿದ ಮಾತುಗಳನ್ನು ಜೋಡಿಸುವುದು. ಒಬ್ಬರು ಬರೆದು ತಂದಿದ್ದ ಮೊದಲ ಸಾಲು ಹೆಚ್ಚುಕಡಿಮೆ ಹೀಗಿತ್ತು: ‘ನಾನು ಪಾಪದ ಕೆಸರಿನಲ್ಲಿ ಬಿದ್ದು ಒದ್ದಾಡುತ್ತಿರುವಾಗ ಕರ್ತನು ತನ್ನ ಬಲವಾದ ಹಸ್ತವನ್ನು ಚಾಚಿ ನನ್ನನ್ನು ಮೇಲಕ್ಕೆತ್ತಿದನು.’ ಕೆಸರು ಅಂದರೆ ಏನು ಎಂದು ಕೇಳಿದೆ. ಸ್ವಲ್ಪ ಹೊತ್ತು ಸುಮ್ಮನಿದ್ದು ಹೇಳಿದರು: ‘ಸಂಬಳದ ದಿನ ನಾನು ಮನೆಗೆ ಬರ್ತಿದ್ದದ್ದು ರಾತ್ರಿ ಹನ್ನೊಂದಕ್ಕೆ. ಮಗಳು ಸ್ಕೂಲ್ ಫೀಸಿನ ಚೀಟಿ ಟೀವಿ ಮುಂದೆ ಇಟ್ಟು ಮಲಗಿರ್ತಿದ್ಲು. ಬೆಳಿಗ್ಗೆ ಅದನ್ನ ನೋಡದೇ ಇರೋ ಹಾಗೆ ಹೊರಗೆ ಹೋಗ್ತಿದ್ದೆ.’ ಅದನ್ನೇ ಬರೆಯಿರಿ ಎಂದೆ. ಬರೆದರು.

‘ಆಮೇಲೆ’ ಭಾಗದಲ್ಲಿ ಎಲ್ಲ ಸರಿಹೋಯಿತೆಂದು ಬರೆಯಬೇಡಿ. ಎದುರಿಗೆ ಕೂತವರಿಗೆ ನಿಜ ಗೊತ್ತು. ಪಾಲಿನ ವಿಷಯದಲ್ಲಿ ಅಣ್ಣನಿಗೂ ನನಗೂ ಇವತ್ತಿಗೂ ಒಮ್ಮತವಿಲ್ಲ. ಕ್ರಿಸ್ಮಸ್ ಊಟ ಮಾತ್ರ ಒಂದೇ ಮನೆಯಲ್ಲಿ. ನಾನು ಹೇಳುವುದೂ ಅಷ್ಟನ್ನೇ.

ಹಂತ 4: ಮಾತುಗಳನ್ನು ಜರಡಿ ಹಿಡಿಯಿರಿ

ಬರೆದದ್ದನ್ನು ಓದಿ, ಸಭೆಯ ಒಳಗಿನವರಿಗಷ್ಟೇ ಅರ್ಥವಾಗುವ ಪದಗಳ ಕೆಳಗೆ ಗೆರೆ ಹಾಕಿ. ‘ನಾನು ಶೋಧನೆಗೆ ಒಳಗಾದೆ’ ಎಂದರೆ ನಮಗೆ ಕಷ್ಟ, ಪರೀಕ್ಷೆ. ಪಕ್ಕದ ಮನೆಯವರಿಗೆ ಪೊಲೀಸರು ಬಂದು ಮನೆ ಜಾಲಾಡಿದಂತೆ ಕೇಳುತ್ತದೆ. ‘ಹೊರೆ ಸಿಕ್ಕಿತು’, ‘ಕರ್ತನು ಮುಟ್ಟಿದನು’, ‘ರಕ್ಷಣೆ ಹೊಂದಿದೆ’ ಇವೂ ಹಾಗೆಯೇ. ತೆಗೆದುಹಾಕಲೇಬೇಕೆಂದಲ್ಲ, ಬಳಸಿದರೆ ಮುಂದಿನ ವಾಕ್ಯದಲ್ಲಿ ಬಿಡಿಸಿ ಹೇಳಿ.

ಸಾಕ್ಷಿ ಶುರುವಾದೊಡನೆ ಕೆಲವರ ದನಿಯೇ ಬದಲಾಗುತ್ತದೆ. ಅಲ್ಲಿಯವರೆಗೆ ‘ಬಂದ, ಹೋದ’ ಎನ್ನುತ್ತಿದ್ದವರು ‘ಬಂದನು, ಹೋದನು, ನುಡಿದನು’ ಎನ್ನತೊಡಗುತ್ತಾರೆ. ದಿನಾ ಮಾತಾಡುವ ಹಾಗೆಯೇ ಮಾತಾಡಿ. ಹುಬ್ಬಳ್ಳಿಯವರು ಹುಬ್ಬಳ್ಳಿಯ ಮಾತಿನಲ್ಲಿ, ಹಾಸನದವರು ಹಾಸನದ ಮಾತಿನಲ್ಲಿ.

ಪೂರ್ತಿಯಾಗಿ ಹೊಡೆದುಹಾಕಬೇಕಾದ ಪದಗಳೂ ಇವೆ: ‘ಅನ್ಯರು’, ‘ಲೋಕದವರು’, ‘ಕತ್ತಲೆಯಲ್ಲಿರುವವರು’, ‘ವಿಗ್ರಹದವರು’. ನಿಮ್ಮ ಮಗುವಿಗೆ ಜ್ವರ ಬಂದಾಗ ರಾತ್ರಿ ಆಟೋ ಕರೆದು ತಂದವರನ್ನೇ ಎದುರಿಗೆ ಕೂರಿಸಿಕೊಂಡು ಹೀಗೆ ಕರೆಯುವುದು ಅಸಭ್ಯ, ಬೇರೆ ಮಾತಿಲ್ಲ.

ಹಂತ 5: ಒಂದೇ ವಾಕ್ಯಭಾಗ

ಸತ್ಯವೇದದ ನಾಲ್ಕೈದು ವಚನ ಬೇಡ, ಒಂದೇ ಸಾಕು. ಘಟನೆಯೊಳಗೇ ಬಂದ ವಚನವಾದರೆ ಒಳ್ಳೆಯದು. ಅಧ್ಯಾಯ-ವಚನ ನಿಧಾನವಾಗಿ ಹೇಳಿ, ಅಜ್ಜಿಯರು ಕನ್ನಡಕ ಹುಡುಕಿ ಪುಟ ತಿರುಗಿಸುವವರೆಗೆ ಕಾಯಿರಿ. ಓದಿದ ಮೇಲೆ ಅದರ ಅರ್ಥ ವಿವರಿಸಲು ಹೋಗಬೇಡಿ. ಪ್ರಸಂಗ ಮಾಡುವ ಕೆಲಸ ಸಭಾಪಾಲಕರದು.

ಹಂತ 6: ಗಡಿಯಾರ ಇಟ್ಟು ಹೇಳಿನೋಡಿ

ಬಾಗಿಲು ಹಾಕಿಕೊಂಡು ಎರಡು ಸಲ ಗಟ್ಟಿಯಾಗಿ ಹೇಳಿ. ಮನಸ್ಸಿನಲ್ಲಿ ಓದಿಕೊಂಡರೆ ಲೆಕ್ಕ ಸಿಗುವುದಿಲ್ಲ. ಅಭ್ಯಾಸದಲ್ಲಿ ಎಂಟು ನಿಮಿಷವಾದದ್ದು ಕೂಟದಲ್ಲಿ ಹನ್ನೆರಡಾಗುತ್ತದೆ, ಆದ್ದರಿಂದ ಅಭ್ಯಾಸದಲ್ಲೇ ಹತ್ತು ದಾಟಿದರೆ ಕತ್ತರಿಸಿ. ಮೂರನೆಯ ಸಲ ಆ ಖಡಕ್ ಸ್ನೇಹಿತರ ಮುಂದೆ ಹೇಳಿ. ‘ಹೇಗಿತ್ತು?’ ಎಂದು ಕೇಳಬೇಡಿ, ‘ಎಲ್ಲಿ ನಿಮ್ಮ ಗಮನ ಬೇರೆ ಕಡೆ ಹೋಯ್ತು?’ ಎಂದು ಕೇಳಿ.

ಎಚ್ಚರಿಕೆಯ ಗುರುತು: ಮೂರು ಸಲವೂ ಒಂದೇ ಜಾಗದಲ್ಲಿ ಗಂಟಲು ಕಟ್ಟಿ ಮುಂದೆ ಹೋಗಲಾಗದಿದ್ದರೆ ಆ ಗಾಯ ಇನ್ನೂ ಹಸಿಯಾಗಿದೆ. ಈ ಸಲ ಬೇರೆ ಘಟನೆ ಹೇಳಿ. ಕಣ್ಣು ತುಂಬಿಬರುವುದು ಬೇರೆ. ಅದಕ್ಕೆ ಒಂದು ಲೋಟ ನೀರು ಸಾಕು.

ಹಂತ 7: ಮನೆ ಸಿದ್ಧಮಾಡಿ

ಸಂಜೆ ಏಳಕ್ಕೆ ಶುರು, ಎಂಟೂವರೆಗೆ ಮುಕ್ತಾಯ ಎಂದು ಮೊದಲೇ ತಿಳಿಸಿ. ಮೊಣಕಾಲು ನೋವಿನವರಿಗೆ ನಾಲ್ಕು ಪ್ಲಾಸ್ಟಿಕ್ ಕುರ್ಚಿ ಗೋಡೆಯ ಪಕ್ಕ, ಉಳಿದವರಿಗೆ ಚಾಪೆ, ಜಮಖಾನ. ಸಾಕ್ಷಿ ಹೇಳುವವರು ಬಾಗಿಲಿಗೆ ಬೆನ್ನು ಹಾಕಿ ಕೂರಬೇಡಿ. ತಡವಾಗಿ ಬಂದವರೆಲ್ಲ ನಿಮ್ಮನ್ನು ದಾಟಿಯೇ ಬರಬೇಕಾಗುತ್ತದೆ. ಕುಕ್ಕರು ಏಳಕ್ಕೆ ಮೊದಲೇ ಇಳಿದಿರಲಿ. ಚಪ್ಪಲಿ, ಬೈಕು ಪಕ್ಕದವರ ಗೇಟಿಗೆ ಅಡ್ಡ ಬಾರದಂತೆ ನೋಡಿಕೊಳ್ಳಲು ಒಬ್ಬ ಹುಡುಗನಿಗೆ ಹೇಳಿಡಿ. ಜಗಳ ಶುರುವಾಗುವುದು ಅಲ್ಲಿಂದಲೇ, ನಂಬಿಕೆಯ ವಿಷಯದಿಂದಲ್ಲ.

ಮೈಕು, ಸ್ಪೀಕರು ಬೇಡ. ಇಪ್ಪತ್ತು ಜನರಿಗೆ ಗಂಟಲು ಸಾಕು. ಶಬ್ದಮಾಲಿನ್ಯದ 2000ದ ನಿಯಮಗಳ ಪ್ರಕಾರ ರಾತ್ರಿ ಹತ್ತರಿಂದ ಬೆಳಿಗ್ಗೆ ಆರರವರೆಗೆ ಧ್ವನಿವರ್ಧಕ ಹಾಕುವಂತಿಲ್ಲ. ಆ ಹೊತ್ತಿನವರೆಗೆ ನಿಮ್ಮ ಕೂಟ ನಡೆಯುತ್ತಿದ್ದರೆ ತೊಂದರೆ ಸ್ಪೀಕರಿನದಲ್ಲ.

ಕ್ರಮ: ಹಾಡು, ಆರಂಭದ ಪ್ರಾರ್ಥನೆ, ವಾಕ್ಯ ಓದುವುದು, ಸಾಕ್ಷಿ, ಅಯ್ಯನವರ (ಸಭಾಪಾಲಕರ) ಚಿಕ್ಕ ಸಂದೇಶ, ಪ್ರಾರ್ಥನೆಯ ಬಿನ್ನಹಗಳು, ಕೊನೆಯ ಪ್ರಾರ್ಥನೆ, ಕಾಫಿ. ಸಂದೇಶದ ನಂತರ ಸಾಕ್ಷಿ ಇಟ್ಟುಕೊಂಡರೆ ಜನ ಆಗಲೇ ಗಡಿಯಾರ ನೋಡುತ್ತಿರುತ್ತಾರೆ. ಮಂಗಳೂರು ಕಡೆಯ ಕಥೋಲಿಕರ ಮನೆಗಳಲ್ಲಿ ತೇರ್ಸ್ (ಜಪಮಾಲೆಯ ಪ್ರಾರ್ಥನೆ) ಮುಗಿದ ಮೇಲೆ ಹೇಳುವುದಾದರೂ ಇದೇ ಮಾತು, ತಿಂಡಿಯ ತಟ್ಟೆ ಹೊರಗೆ ಬರುವ ಮೊದಲು ಮುಗಿಸಿ. ದುಬೈನಲ್ಲಿರುವ ಮಗನೂ ಕೇಳಲಿ ಎಂದು ವಿಡಿಯೊ ಕಾಲ್ ಹಾಕುವುದಿದ್ದರೆ ಎಲ್ಲರಿಗೂ ತಿಳಿಸಿ ಹಾಕಿ. ರೆಕಾರ್ಡಿಂಗ್ ಮಾತ್ರ ಬೇಡವೇ ಬೇಡ.

ಹಂತ 8: ಬೇರೆ ಧರ್ಮದ ನೆರೆಯವರನ್ನು ಕರೆಯುವುದಿದ್ದರೆ

ಮಾರ್ಕ 5:19ರಲ್ಲಿ ಯೇಸು ದೆವ್ವ ಬಿಟ್ಟು ಗುಣವಾದವನನ್ನು ದೋಣಿ ಹತ್ತಿಸಿಕೊಳ್ಳದೆ ಅವನ ಮನೆಗೆ, ಅವನ ಜನರ ಬಳಿಗೇ ಕಳಿಸುತ್ತಾನೆ. ಹೇಳಬೇಕಾದ್ದು ತನಗೆ ಆದ ಉಪಕಾರವನ್ನು. ನೆರೆಯವರ ಮುಂದೆ ಈ ಅಳತೆ ಮೀರಬೇಡಿ.

ಕರೆಯುವಾಗಲೇ ನಿಜ ಹೇಳಿ. ‘ಸುಮ್ನೆ ಕಾಫಿಗೆ ಬನ್ನಿ’ ಎಂದು ಕರೆದು ಪ್ರಾರ್ಥನೆಗೆ ಕೂರಿಸಬೇಡಿ. ‘ಶುಕ್ರವಾರ ನಮ್ಮನೇಲಿ ಪ್ರಾರ್ಥನೆ ಇದೆ, ನಾನೂ ನಾಲ್ಕು ಮಾತು ಹೇಳ್ತೀನಿ, ಇಷ್ಟ ಇದ್ರೆ ಬನ್ನಿ ಆಂಟಿ’ ಎಂದರೆ ಬರುವವರು ಬರುತ್ತಾರೆ. ನೆರೆಮನೆಯ ಮಕ್ಕಳನ್ನು ಅಪ್ಪ-ಅಮ್ಮನಿಗೆ ಹೇಳದೆ ಕೂರಿಸಿಕೊಳ್ಳಬೇಡಿ.

ಸಂವಿಧಾನದ 25ನೆಯ ವಿಧಿಯಲ್ಲಿ ತನ್ನ ನಂಬಿಕೆಯನ್ನು ಪಾಲಿಸುವ, ಪ್ರಸಾರ ಮಾಡುವ ಹಕ್ಕಿದೆ. ಸಾರ್ವಜನಿಕ ಸುವ್ಯವಸ್ಥೆ, ನೈತಿಕತೆ, ಆರೋಗ್ಯದ ಮಿತಿಯೊಳಗೆ. ಆ ಹಕ್ಕಿನಲ್ಲಿ ಇನ್ನೊಬ್ಬರನ್ನು ಮತಾಂತರಿಸುವ ಹಕ್ಕು ಸೇರಿಲ್ಲವೆಂದು ಸುಪ್ರೀಂ ಕೋರ್ಟ್ 1977ರಲ್ಲೇ ಹೇಳಿದೆ. ಕರ್ನಾಟಕದಲ್ಲಿ 2022ರಲ್ಲಿ ಬಂದ ಮತಾಂತರ ಕಾಯ್ದೆ ಆಮಿಷದ ಪಟ್ಟಿಯಲ್ಲಿ ಉಡುಗೊರೆ, ನೌಕರಿ, ಉಚಿತ ಶಿಕ್ಷಣದ ಜೊತೆಗೆ ದೇವರ ಕೋಪದ ಮಾತನ್ನೂ ಸೇರಿಸಿತ್ತು. ಅದನ್ನು ರದ್ದುಮಾಡುವುದಾಗಿ ಮುಂದಿನ ಸರ್ಕಾರದ ಸಂಪುಟ 2023ರ ಜೂನ್‌ನಲ್ಲಿ ತೀರ್ಮಾನಿಸಿತು. ಕಾನೂನು ಅತ್ತಿತ್ತ ಆದರೂ ನಾವು ಬಿಡಬೇಕಾದ್ದು ಬಿಡಲೇಬೇಕು: ‘ನೀವೂ ಬಂದರೆ ಕೆಲಸ ಸಿಗುತ್ತೆ’, ‘ಬಾರದಿದ್ದರೆ ಶಾಪ’, ‘ನಾನು ಮಾತ್ರೆ ಬಿಸಾಕಿದೆ, ನೀವೂ ಬಿಸಾಕಿ’. ಕಾಯಿಲೆ ವಾಸಿಯಾದ ಸಾಕ್ಷಿಯಲ್ಲಿ ಡಾಕ್ಟರನ್ನೂ, ಔಷಧವನ್ನೂ ಇದ್ದ ಹಾಗೆ ಹೇಳಿ. ಎದುರಿಗೆ ಕೂತ ಸಕ್ಕರೆ ಕಾಯಿಲೆಯವರು ನಿಮ್ಮ ಮಾತು ಕೇಳಿ ಇನ್ಸುಲಿನ್ ಬಿಟ್ಟರೆ ಆ ಪಾಪ ನಿಮ್ಮದು.

ಹಂತ 9: ಹೇಳುವ ಹೊತ್ತು

ನೋಟ್‌ಬುಕ್ ತೊಡೆಯ ಮೇಲಿರಲಿ, ಓದಬೇಡಿ. ‘ಎಲ್ಲರಿಗೂ ಸ್ತೋತ್ರ, ವಂದನೆ’ ಎಂದು ನೇರ ಘಟನೆಗೆ ಬನ್ನಿ. ‘ನನಗೆ ಮಾತಾಡೋಕೆ ಬರಲ್ಲ, ತಪ್ಪಿದ್ರೆ ಕ್ಷಮಿಸಿ’ ಎಂಬ ಪೀಠಿಕೆಗೇ ಎರಡು ನಿಮಿಷ ಹೋಗುತ್ತದೆ. ಮಗು ಅತ್ತರೆ, ಕರೆಂಟ್ ಹೋದರೆ ನಿಲ್ಲಿಸಿ, ಕಾಯಿರಿ, ಮುಂದುವರಿಸಿ. ಕೊನೆಯ ವಾಕ್ಯವನ್ನು ಬಾಯಿಪಾಠ ಮಾಡಿಕೊಂಡಿರಿ, ಏಕೆಂದರೆ ಎಲ್ಲರೂ ದಾರಿ ತಪ್ಪುವುದು ಮುಗಿಸುವಾಗ. ಅದನ್ನು ಹೇಳಿ ಸುಮ್ಮನಾಗಿ. ‘ಆದ್ದರಿಂದ ಪ್ರಿಯರೇ, ನೀವೂ...’ ಎಂದು ಬಾಯಿಗೆ ಬಂದರೆ ನುಂಗಿಕೊಳ್ಳಿ.

ಎಚ್ಚರಿಕೆಯ ಗುರುತುಗಳನ್ನು ಮನೆಯವರ ಮುಖದಲ್ಲಿ ನೋಡಿ, ಹೊರಗಿನವರ ಮುಖದಲ್ಲಲ್ಲ. ಹೆಂಡತಿ ಚಾಪೆಯ ಅಂಚು ಕೀಳುತ್ತಿದ್ದರೆ ಎಲ್ಲೋ ಗೆರೆ ದಾಟಿದ್ದೀರಿ. ಆ ಭಾಗ ಬಿಟ್ಟು ಮುಂದಕ್ಕೆ ಹೋಗಿ.

ಹಂತ 10: ಕಾಫಿಯ ಹೊತ್ತು, ಆಮೇಲಿನ ವಾರ

ಪ್ರಶ್ನೆಗಳು ಬರುವುದು ಕಾಫಿ ಲೋಟ ಕೈಗೆ ಬಂದಮೇಲೆ. ‘ನಮ್ಮ ಮಗನಿಗೆ ಯಾಕೆ ವಾಸಿಯಾಗಲಿಲ್ಲ?’ ಎಂದು ಯಾರಾದರೂ ಕೇಳಿಯೇ ಕೇಳುತ್ತಾರೆ. ಅದಕ್ಕೆ ಉತ್ತರ ಹೊಸೆಯಬೇಡಿ. ಯೋಹಾನ 9ರ ಕುರುಡನನ್ನು ನೆನೆಸಿಕೊಳ್ಳಿ. ಅವನಿಗೆ ಕಣ್ಣು ಕೊಟ್ಟ ಯೇಸುವಿನ ಬಗ್ಗೆ ಯೆಹೂದಿ ಧರ್ಮಮುಖಂಡರಾದ ಫರಿಸಾಯರು ಒತ್ತಿ ಒತ್ತಿ ಕೇಳಿದಾಗ ಅವನು, ಆತ ಪಾಪಿಯೋ ಅಲ್ಲವೋ ನನಗೆ ಗೊತ್ತಿಲ್ಲ, ಕುರುಡನಾಗಿದ್ದೆ, ಈಗ ಕಾಣುತ್ತೆ, ಇಷ್ಟು ಗೊತ್ತು ಎಂದುಬಿಟ್ಟ. ‘ಗೊತ್ತಿಲ್ಲ ಅಕ್ಕ’ ಎಂದು ಹೇಳಿ ಪಕ್ಕದಲ್ಲಿ ಕೂತಿರಿ.

ಅವತ್ತೇ ರಾತ್ರಿ ಮಲಗುವ ಮೊದಲು, ಕಥೆಯಲ್ಲಿ ಬಂದ ಮನೆಯವರನ್ನು ‘ಯಾವುದಾದ್ರೂ ಮಾತು ಚುಚ್ಚಿತಾ?’ ಎಂದು ಕೇಳಿ. ನಾನು ಅತ್ತಿಗೆಯ ಹತ್ತಿರ ಹೋಗಿದ್ದು ಮೂರು ವಾರ ಬಿಟ್ಟು, ಅದೂ ಹೆಂಡತಿ ಹೇಳಿದ ಮೇಲೆ. ಅಷ್ಟರಲ್ಲಿ ಆ ಮನೆಗೆ ಹೋಗಿಬರುವುದೇ ಕಷ್ಟವಾಗಿತ್ತು. ‘ಅವತ್ತೇ ಕೇಳ್ಬಾರ್ದಿತ್ತಾ?’ ಎಂದರು ಅತ್ತಿಗೆ. ನೋಟ್‌ಬುಕ್ಕಿನಲ್ಲಿ ಸಾಲದ ಸಾಲನ್ನು ಅವರ ಮುಂದೆಯೇ ಹೊಡೆದುಹಾಕಿದೆ.

ಬಂದಿದ್ದ ನೆರೆಯವರ ಮನೆಗೆ ಎರಡು ಮೂರು ದಿನ ಬಿಟ್ಟು ಗಂಡ-ಹೆಂಡತಿ ಇಬ್ಬರೂ ಹೋಗಿಬನ್ನಿ, ಊಟದ ಹೊತ್ತು ತಪ್ಪಿಸಿ. ಅವರಾಗಿ ಕೇಳಿದರೆ ಮಾರ್ಕನ ಸುವಾರ್ತೆಯ ಚಿಕ್ಕ ಪುಸ್ತಕ ಕೊಡಿ, ಅದೇ ಎಲ್ಲಕ್ಕಿಂತ ಚಿಕ್ಕದು. ಅವರು ಆ ಮಾತೆತ್ತದೆ, ಈ ಸಲ ಮಳೆ ಯಾಕೋ ಕೈಕೊಟ್ಟಿತು ಎಂದರೆ, ನೀವೂ ಮಳೆಯ ವಿಷಯವನ್ನೇ ಮಾತಾಡಿ ಬನ್ನಿ.